ಲೈಸೆನ್ಸ್ ರಿವಾಲ್ವರ್ ಸೊಂಟಕ್ಕ ಕಟ್ಕೊಂಡ ಅಡ್ಡಾಡೋರು ಮೊದ್ಲ ಇಷ್ಟ ಕಲೀರಿ

ಬ್ಯಾಡಗಿ ಮೆಣಸಿನಕಾಯಿ ಸೀಜನ್ ಚಾಲೂ ಆತಂದ್ರ ನಮ್ಮಂಥ ದಲಾಲಿ ಅಂಗಡಿಯವರಿಗೆ ವಾರದಾಗ ಎರಡ-ಮೂರ ಸಲ ಹುಬ್ಬಳ್ಳಿ-ಬ್ಯಾಡಗಿ ಓಡಾಟ ಇದ್ದಿದ್ದ, ಟೆಂಡರ್ ಮುಗದು ತೂಕಾ ಆಗಿ ಲೆಕ್ಕಾ ಚುಕ್ತಾ ಮಾಡಿ ಮನಿ ಮುಟ್ಟೋದ್ರಾಗ ರಾತ್ರಿ ಹನ್ನೊಂದ ಆಗೇ ಆಗ್ತೈತಿ. ನಾ ಲೈಸೆನ್ಸ್ ತಗೊಂಡು ಹನ್ನೊಂದ ವರ್ಷಾತು, ಕಾನ್ಪುರದ ಸರ್ಕಾರಿ ಫ್ಯಾಕ್ಟರಿದು ಪಾಯಿಂಟ್ 32 ರಿವಾಲ್ವರ್. ಇಷ್ಟ ವರ್ಷದಾಗ ಒಬ್ಬರ ಮ್ಯಾಲೂ ಅದನ್ನ ಎತ್ತೋ ಪ್ರಸಂಗ ಬಂದಿಲ್ಲ, ಬರೋದು ಬ್ಯಾಡ. ಮೊನ್ನೆ ಹೊಸದಾಗಿ ಲೈಸೆನ್ಸ್ ಆದ ಪರಿಚಯದ ಹುಡುಗ ಒಬ್ಬಾಂವ ಅಂಗಡಿಗೆ ಬಂದಿದ್ದ, "ಕಾಕಾ, ಇದನ್ನ ಎಲ್ಲಿ ಇಟ್ಕೊಂಡ್ರ ಚಲೋ?" ಅಂತ ಕೇಳಿದಾ. ಕೇಳೋವಾಗ ಅವನ ಪ್ಯಾಂಟಿನ ಕಿಸೆದಾಗ ಬೈಕಿನ ಕೀಲಿ, ಚಿಲ್ಲರ ರೊಕ್ಕ, ಅದರ ಜೋಡಿನ ಲೋಡ್ ಮಾಡಿದ ಪಿಸ್ತೂಲು. ನನಗ ಎದಿ ಝಲ್ ಅಂತು. ಅವಂಗ ಕೂಡಿಸ್ಕೊಂಡು ಹೇಳಿದ್ದನ್ನ ಇಲ್ಲಿ ಎಲ್ಲಾರಿಗೂ ಬರದೇನಿ, ಯಾಕಂದ್ರ ಲೈಸೆನ್ಸ್ ಕೊಡೋವಾಗ ಕಾಗದಾ ಎಲ್ಲಾ ನೋಡ್ತಾರ, ಟ್ರೇನಿಂಗ್ ಸರ್ಟಿಫಿಕೇಟೂ ಕೇಳ್ತಾರ, ಖರೆ ದಿನಾ ಸೊಂಟದಾಗ ಇಟ್ಕೊಂಡು ಬಾಳೆವು ಮಾಡೋದು ಹೆಂಗ ಅಂತ ಯಾರೂ ಕೂತು ಹೇಳಂಗಿಲ್ಲ.

ಮೊದ್ಲ ಕಾನೂನು. ಲೈಸೆನ್ಸ್ ಇಲ್ಲದ ಹತಿಯಾರ ಅಂದ್ರ ಜೈಲು, ಅದರ ಬಗ್ಗೆ ಮಾತ ಇಲ್ಲ, ಅಂಥಾದ್ದೇನರ ನಿಮ್ಮ ಹತ್ರ ಇದ್ರ ಇದನ್ನ ಓದೋದು ಬಿಟ್ಟು ಮೊದ್ಲ ವಕೀಲರನ್ನ ಕಾಣ್ರಿ. ಹುಬ್ಬಳ್ಳಿ-ಧಾರವಾಡ ಅವಳಿ ನಗರದಾಗ ಇದ್ರ ಲೈಸೆನ್ಸ್ ಕೆಲಸಾ ಪೊಲೀಸ್ ಕಮಿಷನರ್ ಆಫೀಸಿನಾಗ, ಗದಗ ಹಾವೇರಿ ಕಡೆಯವರಿಗೆ ಡಿಸಿ ಆಫೀಸಿನಾಗ. ಕೊಡಗಿನವರಿಗೆ ಇದ್ದಂಗ ನಮಗ ವಿನಾಯಿತಿ ಇಲ್ಲ. 2019ರ ತಿದ್ದುಪಡಿ ಆದಮ್ಯಾಲೆ ಲೈಸೆನ್ಸ್ ಅವಧಿ ಮೂರ ವರ್ಷ ಇದ್ದದ್ದು ಐದ ವರ್ಷ ಆಗೈತಿ, ಅದಕ್ಕ ಭಾಳ ಮಂದಿ ರಿನ್ಯೂವಲ್ ತಾರೀಖ ಮರತ ಬಿಡ್ತಾರ, ಮೊಬೈಲ್‌ನಾಗ ಎರಡ ತಿಂಗಳ ಮೊದ್ಲ ಅಲಾರಂ ಹಾಕಿಡ್ರಿ. ಲೈಸೆನ್ಸಿನಾಗ ಯಾವ ಏರಿಯಾ ಬರದಾರ ಅನ್ನೋದನ್ನ ನೋಡ್ಕೋರಿ, ಕರ್ನಾಟಕ ಅಂತಷ್ಟ ಇದ್ರ ಸೊಲ್ಲಾಪುರಕ್ಕ ವ್ಯಾಪಾರಕ್ಕ ಹೋಗೋವಾಗ ಮನ್ಯಾಗ ಬಿಟ್ಟ ಹೋಗಬೇಕು. ಆಮ್ಯಾಲೆ ಇನ್ನೊಂದು, "ಹತಿಯಾರ ಮುಚ್ಚಿಟ್ಕೊಂಡ್ರ ತಪ್ಪು, ಕಾಣಂಗ ಇಡಬೇಕು" ಅಂತ ನಮ್ಮ ಕಡೆ ಒಂದ ಮಾತೈತಿ. ಅದು ಉಲ್ಟಾ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಮಂದಿ ನಡುವ ಅಡ್ಡಾಡೋವಾಗ ಹೋಲ್ಸ್ಟರಿನಾಗನ (ಹತಿಯಾರ ಇಡೋ ಒರಿ) ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯೊಳಗ ಇರಬೇಕು. ಅಂಗಿ ಎತ್ತಿ ತೋರಿಸೋದು, ಚಾದಂಗಡಿ ಟೇಬಲ್ ಮ್ಯಾಲೆ ಇಡೋದು, ಲಗ್ನದ ಮೆರವಣಿಗ್ಯಾಗ ಹವಾಕ್ಕ ಹಾರಿಸೋದು ಇವೆಲ್ಲಾ ಲೈಸೆನ್ಸಿಗೆ ಕುತ್ತು, ಖುಷಿಗೆ ಗುಂಡು ಹಾರಿಸಿ ಮಂದಿ ಜೀವಕ್ಕ ಅಪಾಯ ತಂದ್ರ ಎರಡ ವರ್ಷದ ತನಕ ಜೈಲು, ಇಲ್ಲಾ ಒಂದ ಲಕ್ಷದ ತನಕ ದಂಡ, ಇಲ್ಲಾ ಎರಡೂ.

ಈಗ ಹೋಲ್ಸ್ಟರ್. ಇದರ ಮ್ಯಾಲೆ ನಾ ಜಾಸ್ತಿನ ಹೇಳ್ತೇನಿ, ಯಾಕಂದ್ರ ಗುಂಡು ತಾನಾಗೇ ಹಾರಿತು ಅಂತ ಪೇಪರಿನಾಗ ಬರ್ತಾವಲ್ಲ, ಅದರಾಗ ಭಾಳಷ್ಟು ಸಲ ಟ್ರಿಗರಿಗೆ ಏನರ ಒಂದು ತಾಕಿರ್ತೈತಿ. ಬಟ್ಟಿ ತುದಿ, ಕೀಲಿ, ಬಟ್ಟು. ಹಿಂಗಾಗಿ ಹೋಲ್ಸ್ಟರ್ ಅಂದ್ರ ಟ್ರಿಗರ್ ಇರೋ ಜಾಗಾ ಪೂರ್ತಿ ಮುಚ್ಚಬೇಕು, ಹೊರಗಿಂದ ಒತ್ತಿದ್ರೂ ಒಳಗ ಟ್ರಿಗರಿಗೆ ಮುಟ್ಟಬಾರದು ಅಷ್ಟ ಬಿರುಸು ಇರಬೇಕು, ನಿಮ್ಮ ಮಾಡೆಲ್ಲಿಗೇ ಮಾಡಿದ್ದಿರಬೇಕು. ನಾ ಮೊದಲಿನ ವರ್ಷ ಚಪ್ಪಲಿ ಅಂಗಡ್ಯಾಗ ಮೆತ್ತನ್ನ ಚರ್ಮದ್ದು ಒಂದು ಹೊಲಿಸಿದ್ದೆ, ನೋಡಾಕ ಚಂದ ಇತ್ತು. ಒಂದ ಮಳೆಗಾಲ ಕಳಿಯೋದ್ರಾಗ ಬೆವರು ನೀರು ಕುಡದು ಬಾಯಿ ಒಳಗ ಮಡಚಿ ಬಿತ್ತು. ಒಂದಿನ ರಿವಾಲ್ವರ್ ಒಳಗ ಇಳಸೋವಾಗ ಏನೋ ತಡದಂಗಾತು, ಬಗ್ಗಿ ನೋಡಿದ್ರ ಆ ಮಡಚಿದ ಚರ್ಮದ ತುದಿ ಸೀದಾ ಟ್ರಿಗರಿನ ಮುಂದ ಬಂದು ಕೂತಿತ್ತು. ಇನ್ನೊಂದೀಟು ಒತ್ತಿದ್ರ ಏನಾಗ್ತಿತ್ತಂತ ನೀವ ತಿಳ್ಕೋರಿ, ರಿವಾಲ್ವರಿನ ಬಾಯಿ ನನ್ನ ತೊಡಿ ಕಡೆನ ಇತ್ತು. ಅವತ್ತ ಅದನ್ನ ಕತ್ತರಿಸಿ ಒಗದೆ. ಈಗಿರೋದು ಬಿರುಸು ಪ್ಲಾಸ್ಟಿಕ್ಕಿಂದು, ಬಾಯಿ ಯಾವಾಗ್ಲೂ ತಗದೇ ಇರ್ತೈತಿ, ತಲಿಕೆಳಗ ಹಿಡಿದು ಅಲ್ಲಾಡಿಸಿದ್ರೂ (ಖಾಲಿ ಮಾಡಿ ಅಲ್ಲಾಡಿಸಬೇಕು ಮತ್ತ) ಕೆಳಗ ಬೀಳಂಗಿಲ್ಲ.

ಹೋಲ್ಸ್ಟರಿನಷ್ಟ ಮುಖ್ಯ ಬೆಲ್ಟ್. ಆಫೀಸಿಗೆ ಹಾಕ್ಕೊಳ್ಳೋ ತೆಳ್ಳಂದು ನಡೆಯಂಗಿಲ್ಲ, ದಪ್ಪಂದು ಬೇಕು, ಇಲ್ಲಂದ್ರ ವಜ್ಜಿಗೆ ಜೋತು ಬಿದ್ದು ನೀವು ದಿನಾ ಪೂರ್ತಿ ಸೊಂಟಾ ಮ್ಯಾಲೆ ಎಳಕೊಂತ ಅಡ್ಡಾಡ್ತೀರಿ, ನೋಡಿದವರಿಗೆ ಅಲ್ಲೇ ಗೊತ್ತಾಗ್ತೈತಿ. ಪಾಯಜಾಮಾ ಲಾಡಿಗೆ ಸಿಗಿಸೋದು, ಧೋತರದ ಸುತ್ತಿನಾಗ ಇಡೋದು, ಜುಬ್ಬಾ ಕಿಸೆದಾಗ ಹಾಕೋದು ಮಾಡಬ್ಯಾಡ್ರಿ. ಧೋತರ ಉಡೋ ಹಿರ್ಯಾರಿದ್ರ ಒಳಗ ಒಂದ ಬ್ಯಾರೆ ಬೆಲ್ಟ್ ಕಟ್ಕೊಂಡು ಅದಕ್ಕ ಹೋಲ್ಸ್ಟರ್ ಹಾಕ್ಕೋರಿ, ನಮ್ಮ ಮಾವನವರು ಹಂಗ ಮಾಡ್ತಾರ. ಜಾಗಾ ಅಂದ್ರ ಬಲಗೈಯವರಿಗೆ ಬಲ ಸೊಂಟದ ಮ್ಯಾಲೆ, ಸ್ವಲ್ಪ ಹಿಂದಕ್ಕ. ಬೆನ್ನಿನ ನಡುಮಧ್ಯ ಇಡಬ್ಯಾಡ್ರಿ, ಬೈಕ್ ಸ್ಲಿಪ್ ಆಗಿ ಹಿಂದಕ್ಕ ಬಿದ್ರ ಬೆನ್ನೆಲುಬಿಗೆ ಬಡೀತೈತಿ, ಗದ್ದಲದಾಗ ಹಿಂದಿನವರು ಕೈ ಹಾಕಿದ್ರ ನಿಮಗ ಕಾಣಂಗಿಲ್ಲ. ಹುಬ್ಬಳ್ಳಿ ದುರ್ಗದಬೈಲ್ ಪ್ಯಾಟ್ಯಾಗ ಸಂಜಿಮುಂದ ನಡದು ನೋಡ್ರಿ, ಎಷ್ಟ ಮಂದಿ ಮೈಗೆ ಮೈ ತಾಕಿಸ್ತಾರ ಅಂತ. ಅಂಥಾ ಕಡೆ ಹೋಗೋದು ಇದ್ದಾಗ ನಾ ಮನ್ಯಾಗ ಬಿಟ್ಟೇ ಹೋಗ್ತೇನಿ. ಅಂಗಿ ಒಂದ ಸೈಜ್ ದೊಡ್ಡದು, ಇನ್‌ಶರ್ಟ್ ಮಾಡಲಾರದ, ದಪ್ಪ ಬಟ್ಟಿದು. ಒಮ್ಮೆ ಇಟ್ಟ ಜಾಗಾ ದಿನಾ ಬದಲಿ ಮಾಡಬ್ಯಾಡ್ರಿ, ಕೈಗೆ ರೂಢಿ ಆಗಬೇಕು. ಮತ್ತ ಪದೇ ಪದೇ ಮುಟ್ಟಿ ನೋಡ್ಕೊಳ್ಳೋದು ಬಿಡ್ರಿ, ಹೊಸಬರು ಎಲ್ಲಾರೂ ಮಾಡ್ತಾರ.

ಸಂಡಾಸ್ ವಿಷಯ ಹೇಳಾಕ ನಾಚಿಗಿ ಪಡಬಾರದು, ಇಲ್ಲೇ ಹತಿಯಾರ ಕಳಕೊಳ್ಳೋದು. ಹೈವೇ ಮ್ಯಾಲೆ ಒಂದ ಖಾನಾವಳಿಯೊಳಗ ನಾನೂ ಬಿಚ್ಚಿ ಕಿಟಕಿ ಕಟ್ಟಿ ಮ್ಯಾಲೆ ಇಟ್ಟು ಹೊರಗ ಬಂದುಬಿಟ್ಟಿದ್ದೆ, ರೊಟ್ಟಿ ಮುರಿಯೋವಾಗ ಮೊಣಕೈಗೆ ದಿನಾ ತಾಕೋದು ತಾಕಲಿಲ್ಲ, ಓಡಿ ಹೋದೆ, ಇತ್ತು. ನಾಕ ನಿಮಿಷ ಅದು ಯಾರ ಕೈಗೂ ಸಿಗೋ ಹಂಗಿತ್ತು, ಹೊರಗ ಸಣ್ಣ ಹುಡುಗರು ಆಡಾಕತ್ತಿದ್ರು, ಈಗೂ ಅದನ್ನ ನೆನಸಿಕೊಂಡ್ರ ಕೈ ತಣ್ಣಗಾಗ್ತಾವ. ಅವತ್ತಿಂದ ಹೋಲ್ಸ್ಟರಿಂದ ಹೊರಗ ತಗಿಯಂಗಿಲ್ಲ, ಬೆಲ್ಟ್ ಸಡಲ ಮಾಡಿ ಹೋಲ್ಸ್ಟರ್ ಸಮೇತ ಇಳಿದ ಪ್ಯಾಂಟಿನೊಳಗ ಕಣ್ಮುಂದ ಇಟ್ಕೋತೇನಿ, ಎದ್ದಾಗ ಅದು ತಾನಾಗೇ ನನ್ನ ಜೋಡಿ ಏಳ್ತೈತಿ. ಕಿಟಕಿ, ನಲ್ಲಿ, ಬಕೆಟ್ ಮ್ಯಾಲೆ ಎಂದೂ ಇಡಬ್ಯಾಡ್ರಿ. ಕಾರಿನ ಡ್ಯಾಶ್‌ಬೋರ್ಡ್ ಖಾನೆದಾಗ ಇಟ್ಟು ಚಾ ಕುಡ್ಯಾಕ ಇಳಿಯೋದೂ ಇದರಂಗನ. ಒಂದ ವ್ಯಾಳೆ ಕಳೀತಂದ್ರ, ಹುಡುಕೋದು ಆಮ್ಯಾಲೆ, ಮೊದ್ಲ ಪೊಲೀಸ್ ಸ್ಟೇಶನ್‌ಗೆ ತಿಳಸ್ರಿ.

ನಾಕ ರೂಢಿ ಮೈಯಾಗ ಇಳಿಬೇಕು. ಖಾಲಿ ಐತಿ ಅಂತ ಗೊತ್ತಿದ್ರೂ ಲೋಡ್ ಐತಿ ಅಂತನ ಹಿಡೀರಿ. ಬಾಯಿ ಮನಷ್ಯಾರ ಕಡೆ ತಿರುಗಬಾರದು. ಹೊಡಿಯೋ ನಿರ್ಧಾರ ಆಗೋತನಕ ಬಟ್ಟು ಟ್ರಿಗರಿನ ಹೊರಗ, ಹತಿಯಾರದ ಬಾಡಿ ಮ್ಯಾಲೆ ನೀಟ ಇರಬೇಕು. ಗುರಿ ಹಿಂದ ಏನೈತಿ ನೋಡ್ರಿ. ಪಿಸ್ತೂಲಿನವರು ಒಂದ ಮಾತ ಚಿತ್ತಿಟ್ಟ ಕೇಳ್ರಿ: ಮ್ಯಾಗ್ಜಿನ್ (ಹಿಡಿಕಿಯೊಳಗ ಗುಂಡು ತುಂಬಿಡೋ ಭಾಗ) ತಗದ ಕೂಡ್ಲೆ ಖಾಲಿ ಆಗಂಗಿಲ್ಲ, ಚೇಂಬರಿನಾಗ (ನಳಿಗಿ ಬುಡದಾಗ ಗುಂಡು ಕೂಡೋ ಜಾಗಾ) ಒಂದ ಗುಂಡು ಉಳದಿರ್ತೈತಿ. ಮೊದ್ಲ ಮ್ಯಾಗ್ಜಿನ್ ತಗೀರಿ, ಆಮ್ಯಾಲೆ ಸ್ಲೈಡ್ (ಮ್ಯಾಲಿನ ಜಾರೋ ಭಾಗ) ಹಿಂದಕ್ಕ ಎಳೀರಿ, ಬಿದ್ದ ಗುಂಡು ಎಣಸ್ರಿ, ಕಣ್ಣಿಲೆ ನೋಡ್ರಿ, ಕಿರಬಟ್ಟು ಹಾಕಿ ಮುಟ್ಟಿ ನೋಡ್ರಿ. ಈ ಕ್ರಮ ಹಿಂದ-ಮುಂದ ಆತಂದ್ರ, ಮೊದ್ಲ ಸ್ಲೈಡ್ ಎಳದ್ರಂದ್ರ ಮ್ಯಾಗ್ಜಿನ್‌ದಿಂದ ಮತ್ತೊಂದು ಮ್ಯಾಲೆ ಬಂದು ಕೂಡ್ತೈತಿ. ಹೊಸಬರು ಚೇಂಬರಿನಾಗ ಗುಂಡು ಇಡಲಾರದನ ಕಟ್ಕೊಂಡು ರೂಢಿ ಮಾಡ್ಕೋರಿ. ಅಜ್ಜನ ಕಾಲದ ಹಳೇ ರಿವಾಲ್ವರ್ ಇದ್ದವರು ಆರರಾಗ ಐದನ್ನಷ್ಟ ತುಂಬಿ, ಹ್ಯಾಮರಿನ (ಗುಂಡಿಗೆ ಬಡಿಯೋ ಸುತ್ತಿಗಿ) ಕೆಳಗಿನ ಗುಂಡಿನ ಮನಿ ಖಾಲಿ ಬಿಡ್ರಿ, ಕೆಳಗ ಬಿದ್ರೂ ಹಾರಂಗಿಲ್ಲ.

ತಯಾರಿ ಅಂದ್ರ ಪ್ರಾಕ್ಟೀಸು. ಮನ್ಯಾಗ ಗುಂಡನ್ನೆಲ್ಲಾ ಇನ್ನೊಂದ ಖೋಲಿಯೊಳಗ ಇಟ್ಟು, ಎರಡ ಸಲ ಖಾಲಿ ನೋಡಿ, ಹೊರಗಿನ ದಪ್ಪ ಕಲ್ಲಿನ ಗೋಡೆ ಕಡೆ ಮುಖಾ ಮಾಡಿ ನಿಲ್ರಿ. ಎಡಗೈಲೆ ಅಂಗಿ ಪೂರ್ತಿ ಎದಿ ತನಕ ಎತ್ತೋದು, ಬಲಗೈ ಹಿಡಿಕಿ ಮ್ಯಾಲೆ ಭದ್ರ ಕೂತಮ್ಯಾಲೆನ ಮ್ಯಾಲೆ ಎಳೆಯೋದು, ಮುಂದಕ್ಕ ತಿರುಗಿಸಿದಮ್ಯಾಲೆ ಎಡಗೈ ಬಂದು ಕೂಡೋದು, ಎಡಗೈ ಎಂದೂ ಬಾಯಿ ಮುಂದ ಹಾಯಬಾರದು. ನಿಧಾನಕ್ಕ ಮಾಡ್ರಿ, ಸಾವಕಾಶ ಸರಿ ಬಂದಮ್ಯಾಲೆ ಸ್ಪೀಡ್ ತಾನ ಬರ್ತೈತಿ. ತಿರಗಿ ಒಳಗ ಇಡೋವಾಗ ಮಾತ್ರ ಅವಸರ ಇರಬಾರದು, ಅಂಗಿ ಪೂರ್ತಿ ಎತ್ತಿ, ಬಗ್ಗಿ ನೋಡಿ, ತಡದಂಗ ಆದ್ರ ಒತ್ತಲಾರದ ಹೊರಗ ತಗದು ಮತ್ತ ನೋಡಬೇಕು. ಕಾರಿನಾಗ ಸೀಟ್‌ಬೆಲ್ಟ್ ಹಾಕ್ಕೊಂಡು ಕೂತಾಗ ಕೈ ಮುಟ್ಟೋದ ಇಲ್ಲ ಅನ್ನೋದೂ ಗೊತ್ತಿರಲಿ. ಖರೇ ಗುಂಡಿನ ಪ್ರಾಕ್ಟೀಸಿಗೆ ರೇಂಜ್ ಬೇಕು, ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ನಡಸ್ತಾರ, ವಿಚಾರಿಸ್ರಿ, ಕಿವಿಗೆ ಕಣ್ಣಿಗೆ ರಕ್ಷಣೆ ಹಾಕ್ಕೊಂಡ ಹೊಡೀರಿ. ಹೊಲದಾಗ ತೆಂಗಿನಗಿಡಕ್ಕ ಹೊಡದು ಕಲಿಯೋದು ತಪ್ಪು.

ಇನ್ನ ಖರೇ ರಕ್ಷಣೆ. ನಮ್ಮ ಕಡೆ ರೊಕ್ಕಾ ಹೊಡಿಯೋ ಕಳ್ಳರು ಸಿನಿಮಾದಂಗ ಎದುರಿಗೆ ಬರೋದು ಕಡಿಮಿ. "ಸಾಹೇಬ್ರ, ಟಾಯರ್ ಪಂಕ್ಚರ್ ಆಗೈತಿ", "ನಿಮ್ಮ ಹತ್ತರ ನೋಟ ಕೆಳಗ ಬಿದ್ದಾವ", ಅಂಗಿ ಮ್ಯಾಲೆ ಹೊಲಸ ಚೆಲ್ಲೋದು, ಇಳಿಯೋದ್ರಾಗ ಆ ಕಡೆ ಬಾಗಲಾ ತಗದು ಬ್ಯಾಗ್ ಮಾಯ. ಕಣ್ಣಿಗೆ ಖಾರದಪುಡಿ ಎರಚಿದ್ರ ಹತಿಯಾರ ತಗದು ಏನ ಕಾಣ್ತೈತಿ ಅಂತ ಹೊಡೀತೀರಿ? ಇದಕ್ಕೆಲ್ಲಾ ಮದ್ದು ಬ್ಯಾರೆ ಐತಿ: ರೊಕ್ಕಾ ಬ್ಯಾಂಕಿನಾಗ ಕಳಸ್ರಿ, ಕಾರ್ ಲಾಕ್ ಇಡ್ರಿ, ಯಾರರ ಪಂಕ್ಚರ್ ಅಂದ್ರ ಬೆಳಕಿರೋ ಪೆಟ್ರೋಲ್ ಪಂಪ್ ತನಕ ನಿಧಾನ ಹೊಡಕೊಂಡ ಹೋಗ್ರಿ, ಮನಿಗೆ ಹೋಗೋ ಟೈಮು ದಾರಿ ಬದಲಿ ಮಾಡ್ಕೊಂತ ಇರ್ರಿ, ಹಿಂದ ಒಂದ ಬೈಕ್ ಬಿಡಲಾರದ ಬರಾಕತ್ತಿದ್ರ ಸೀದಾ ಸ್ಟೇಶನ್ ಮುಂದ ಹೋಗಿ ನಿಲ್ಲಸ್ರಿ. ಬ್ಯಾಗ್ ಕಸಗೊಂಡ ಓಡಾಕತ್ತಾನ ಅಂದ್ರ ಓಡಲಿ, ಬೆನ್ನಿಗೆ ಹೊಡದ್ರಿ ಅಂದ್ರ ನೀವ ಖೂನಿ ಕೇಸಿನಾಗ ನಿಲ್ಲೋದು.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದೈತಿ, ಆತ್ಮರಕ್ಷಣೆ ಬಗ್ಗೆ ಅದರಾಗ 34ರಿಂದ 44ರ ತನಕ ಕಲಂ ಅದಾವ. 38ನೇ ಕಲಂ ಓದ್ರಿ: ಈ ಗಳಿಗೆಗೆ ಜೀವಾ ಹೋಗ್ತೈತಿ, ಇಲ್ಲಾ ಭಾರೀ ಪೆಟ್ಟು ಬೀಳ್ತೈತಿ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಇಂಥಾ ಹೆದರಿಕಿ ಖರೇವಂದ್ರ ಇದ್ದಾಗಷ್ಟ ಎದುರಿನವನ ಜೀವಾ ಹೋಗೋ ಮಟ್ಟಕ್ಕ ರಕ್ಷಣೆ ಮಾಡ್ಕೊಳ್ಳೋ ಹಕ್ಕು. 37ರಾಗ ಬೇಕಾದ್ದಕ್ಕಿಂತ ಹೆಚ್ಚಿನ ಪೆಟ್ಟು ಕೊಡೋ ಹಕ್ಕಿಲ್ಲ, ಪೊಲೀಸರನ್ನ ಕರಿಯೋ ಟೈಮ್ ಇದ್ರ ಹಕ್ಕ ಇಲ್ಲ ಅಂತೈತಿ. ಹೊಲದ ಬದುವಿನ ಜಗಳ, ಓವರ್‌ಟೇಕ್ ಜಗಳ, ಉಧಾರಿ ವಸೂಲಿ ಇದರಾಗ ಯಾವುದಕ್ಕೂ ಅದನ್ನ ತಗಿಯಂಗಿಲ್ಲ, ಹೆದರಸಾಕ ಅಂತನೂ ತಗಿಯಂಗಿಲ್ಲ. ಸೊಂಟಕ್ಕ ಇದ್ದ ದಿನ ಯಾರರ ಬೈದ್ರ ನಾನ ತಪ್ಪಾತ್ರಿ ಅಂತ ಕೈ ಮುಗದು ಬರ್ತೇನಿ. ಒಂದ ಗ್ಲಾಸ್ ಬೀರ್ ಇಳಿದ್ರೂ ಅವತ್ತ ಹತಿಯಾರ ಲಾಕರಿನಾಗನ. ಒಂದ ವ್ಯಾಳೆ ಹೊಡಿಯೋದು ಬಂದೇ ಬಂತಂದ್ರ, ಅಪಾಯ ನಿಂತ ಕೂಡ್ಲೆ ನೀವೂ ನಿಲ್ರಿ, 112ಕ್ಕ ಫೋನ್, ಗಾಯ ಆದವನಿಗೆ 108, ಅವನು ಕಳ್ಳ ಇದ್ರೂ. ಪೊಲೀಸರು ಬರೋವಾಗ ಕೈಯಾಗ ಹಿಡ್ಕೊಂಡ ನಿಂದ್ರಬ್ಯಾಡ್ರಿ, ಜಾಗಾದಾಗ ಏನೂ ಎತ್ತಿಡಬ್ಯಾಡ್ರಿ, ವಕೀಲರಿಗೆ ಫೋನ್ ಮಾಡ್ರಿ.

ಎಲ್ಲಿ ಒಯ್ಯಬಾರದು ಅನ್ನೋದು ಸರಳ ಐತಿ, ಕೋರ್ಟು, ಡಿಸಿ ಆಫೀಸು, ಸಾಲಿ, ಗುಡಿ, ಜಾತ್ರಿ. ಹುಬ್ಬಳ್ಳಿ ಏರ್‌ಪೋರ್ಟಿಗೆ ಒಯ್ಯೋದಿದ್ರ ಏರ್‌ಲೈನ್‌ನವರಿಗೆ ಮೊದ್ಲ ತಿಳಿಸಿ, ಖಾಲಿ ಮಾಡಿ ಚೆಕ್-ಇನ್ ಲಗೇಜಿನಾಗ ಡಿಕ್ಲೇರ್ ಮಾಡಬೇಕು, ಕೈಚೀಲದಾಗ ಒಂದ ಗುಂಡು ಮರತ ಉಳದ್ರೂ ಕೇಸು. ಗಣಪತಿ ಹಬ್ಬದ ಟೈಮಿನಾಗ ನಿಷೇಧಾಜ್ಞೆ ಹೊರಡಿಸ್ತಾರೇನು ನೋಡ್ಕೋರಿ. ಇಲೆಕ್ಷನ್ ಡಿಕ್ಲೇರ್ ಆದಾಗ ಜಮಾ ಮಾಡ್ರಿ ಅಂತ ನೋಟಿಸ್ ಬರ್ತೈತಿ, ತಡಾ ಮಾಡಲಾರದ ಸ್ಟೇಶನ್ನಿಗೆ ಕೊಟ್ಟು ನಂಬರ್ ಬರಸಿ ರಸೀದಿ ತಗೋರಿ. ಆಯುಧ ಪೂಜಿ ದಿನಾ ಭಾಳ ಕಾಳಜಿ, ಕುಂಕುಮ ಹಚ್ಚಾಕ ಮಕ್ಕಳು ಮರಿ ಎಲ್ಲಾ ಮುಂದ ಬರ್ತಾರ. ನಮ್ಮನ್ಯಾಗ ಸಿಲಿಂಡರ್ (ಗುಂಡು ತುಂಬೋ ಗಾಲಿ) ತಗದ ಇಟ್ಟು ಆರೂ ಖಾಲಿ ಮನಿ ಎಲ್ಲಾರಿಗೂ ಕಾಣಂಗ ಪೂಜಿ ಮಾಡ್ತೇವಿ, ಗುಂಡು ಪೂಜಿಗೆ ಬರಂಗಿಲ್ಲ.

ರಾತ್ರಿ ಮನಿಗೆ ಬಂದಮ್ಯಾಲೆ ಊಟಕ್ಕಿಂತ ಮೊದ್ಲ ಒಂದ ಕೆಲಸ. ಖೋಲಿ ಬಾಗಲಾ ಹಾಕಿ, ಫೋನ್ ಹೊರಗ ಇಟ್ಟು, ಲೈಟಿನ ಕೆಳಗ ನಿಂತು ಸಿಲಿಂಡರ್ ತಗದು ಗುಂಡು ಒಂದೊಂದ ಎಣಸಿ ಸಣ್ಣ ಡಬ್ಬಿಯೊಳಗ ಹಾಕ್ತೇನಿ, ನಾನೂ ಐದನ್ನಷ್ಟ ತುಂಬೋದು, ಐದಕ್ಕ ಐದ ಇರಬೇಕು. ರಿವಾಲ್ವರಿನ ಬೆವರು ಒರಸಿ ಒಂದ ಹನಿ ಎಣ್ಣಿ. ಅದು ಗೋಡಿಗೆ ಬೋಲ್ಟ್ ಮಾಡಿದ ಲಾಕರಿಗೆ, ಗುಂಡಿನ ಡಬ್ಬಿ ಬ್ಯಾರೆ ಕಪಾಟಿಗೆ, ಎರಡಕ್ಕೂ ಬ್ಯಾರೆ ಬ್ಯಾರೆ ಕೀಲಿ. ನಮ್ಮ ಮನಿಯವರು ಬಾಗಲದಾಗಿಂದ "ಎಷ್ಟ್ರೀ?" ಅಂತ ಕೇಳ್ತಾರ, "ಐದ" ಅಂದಮ್ಯಾಲೆನ ತಾಟು ಹಾಕೋದು.