ಒಂದು ಕಾಲುದಾರಿಯನ್ನು ಅಧ್ಯಯನ ಮಾಡುವುದು ಹೇಗೆ

ಇಕೋಟೂರಿಸಂ, ಚಾರಣ, ಸಾಂಸ್ಕೃತಿಕ ಭೂದೃಶ್ಯ ಅಂತ ವಿಷಯ ಹಿಡಿದು ಸಂಶೋಧನೆಗೆ ಹೊರಟವರು ನನ್ನನ್ನು ಮೊದಲು ಕೇಳುವುದು ಇದನ್ನೇ: ‘ಈ ಜಾಗಕ್ಕೆ ಎಷ್ಟು ಜನ ಬಂದರೆ ಜಾಸ್ತಿ?’

ನಾನೂ ಅಲ್ಲಿಂದಲೇ ಶುರು ಮಾಡಿದವಳು. ಒಂದಿಡೀ ಚಾರಣದ ಸೀಸನ್ ಗುಡ್ಡದ ಬುಡದಲ್ಲಿ ಕೂತು ಹತ್ತುವವರನ್ನು ಎಣಿಸಿದೆ. ಮೂರು ನೋಟ್‌ಬುಕ್ ತುಂಬಿದವು. ದಾರಿ ಯಾಕೆ ಹಾಳಾಗುತ್ತಿದೆ ಅನ್ನೋದು ಮಾತ್ರ ಅವುಗಳಲ್ಲಿ ಎಲ್ಲೂ ಇರಲಿಲ್ಲ. ಆಮೇಲೆ ಒಂದು ದಿನ, ಮಳೆ ನಿಂತ ಮರುದಿನ, ಮೇಲಿನ ತಿರುವಿಗೆ ಹೋಗಿ ನೋಡಿದೆ. ಕೆಸರು ತುಳಿಯಲು ಮನಸ್ಸಿಲ್ಲದವರು ಪಕ್ಕದ ಹುಲ್ಲಿನ ಮೇಲೆ ನಡೆದಿದ್ದರು. ಅಲ್ಲಿ ಎರಡನೇ ದಾರಿ ಬಿದ್ದಿತ್ತು. ಅದರ ಪಕ್ಕ ಮೂರನೆಯದು. ನನ್ನ ಲೆಕ್ಕದ ಪ್ರಕಾರ ಆ ವಾರ ಬಂದವರು ತೀರಾ ಕಡಿಮೆ.

ಇದು ನನಗೊಬ್ಬಳಿಗೇ ಹೊಳೆದ ವಿಚಾರವಲ್ಲ. 1985ರಲ್ಲಿ ಜಾರ್ಜ್ ಸ್ಟ್ಯಾಂಕಿ, ಡೇವಿಡ್ ಕೋಲ್ ಮತ್ತು ಸಂಗಡಿಗರು ಅಮೆರಿಕದ ಅರಣ್ಯ ಸೇವೆಗಾಗಿ ಒಂದು ವಿಧಾನ ರೂಪಿಸಿದರು. ಅದಕ್ಕೆ ‘ಲಿಮಿಟ್ಸ್ ಆಫ್ ಅಕ್ಸೆಪ್ಟಬಲ್ ಚೇಂಜ್’ ಅಂತ ಹೆಸರು. ಎಷ್ಟು ಜನ ಅನ್ನುವ ಬದಲು, ಎಷ್ಟು ಬದಲಾವಣೆಯನ್ನು ಒಪ್ಪಿಕೊಳ್ಳಬಹುದು ಅಂತ ಕೇಳುವುದು ಅದರ ತಿರುಳು. ಅದಕ್ಕೆ ನಾನು ಸೇರಿಸುವ ಮಾತು ಒಂದೇ: ಯಾರು ಒಪ್ಪಿಕೊಳ್ಳಬೇಕು? ಈ ಎರಡು ಪ್ರಶ್ನೆಗಳನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಳ್ಳಿ.

ಇನ್ನು ಕೆಲಸ. ಇಡೀ ಕಾಡನ್ನು ಹಿಡಿಯಬೇಡಿ, ಒಂದೇ ದಾರಿ ಸಾಕು. ಎರಡು ಕಿಲೋಮೀಟರ್ ಇದ್ದರೆ ಧಾರಾಳ. ಪ್ರತಿ 100 ಮೀಟರಿಗೆ ಒಂದರಂತೆ 20 ಜಾಗಗಳಲ್ಲಿ ಅಳೆಯಬಹುದು. ಮೊದಲ ಜಾಗ ಎಲ್ಲಿ ಅನ್ನೋದನ್ನು ಮಾತ್ರ ಚೀಟಿ ಎತ್ತಿ ನಿರ್ಧರಿಸಿ: 0ಯಿಂದ 100 ಮೀಟರಿನೊಳಗೆ ಎಲ್ಲಾದರೂ ಬರಲಿ. ನೀವೇ ಆರಿಸಿದರೆ ಕಣ್ಣು ತಾನಾಗಿಯೇ ಕೆಟ್ಟುಹೋದ ಜಾಗದ ಕಡೆ ಹೋಗುತ್ತದೆ. ಆಗ ದಾರಿ ಇರುವುದಕ್ಕಿಂತ ಹಾಳಾಗಿ ಕಾಣುತ್ತದೆ.

ಅಳೆಯಲು ದುಬಾರಿ ಯಂತ್ರ ಬೇಡ. ಎರಡು ಗೂಟ, ಒಂದು ದಾರ, ಒಂದು ಟೇಪು. ದಾರಿಯ ಎರಡೂ ಅಂಚಿನಲ್ಲಿ, ನೆಲ ಸವೆಯದ ಕಡೆ ಗೂಟ ನೆಡಿ. ನಡುವೆ ದಾರವನ್ನು ನೆಲದ ಮಟ್ಟದಲ್ಲೇ ಬಿಗಿಯಾಗಿ ಕಟ್ಟಿ. ಪ್ರತಿ 10 ಸೆಂಟಿಮೀಟರಿಗೊಮ್ಮೆ ದಾರದಿಂದ ನೆಲದವರೆಗಿನ ಆಳ ಬರೆದುಕೊಳ್ಳಿ. ಆಳಗಳನ್ನೆಲ್ಲ ಕೂಡಿಸಿ 10ರಿಂದ ಗುಣಿಸಿದರೆ ಅಲ್ಲಿ ಕೊಚ್ಚಿಹೋದ ಮಣ್ಣಿನ ಅಡ್ಡಕೊಯ್ತದ ಅಳತೆ ಸಿಗುತ್ತದೆ. ಆಳಗಳ ಮೊತ್ತ 60 ಸೆಂಟಿಮೀಟರ್ ಬಂದರೆ ಅದು 600 ಚದರ ಸೆಂಟಿಮೀಟರ್. ಮುಂದಿನ ವರ್ಷ ಅದೇ ಗೂಟಗಳ ನಡುವೆ ಮತ್ತೆ ಅಳೆಯಿರಿ. ದಾರಿಯ ಅಗಲ, ಹೊರಬಿದ್ದ ಬೇರು, ಪಕ್ಕದಲ್ಲಿ ಹೊಸದಾಗಿ ಬಿದ್ದ ಅಡ್ಡದಾರಿಗಳು, ಇವನ್ನೂ ಬರೆಯಿರಿ. ಕೊರಕಲಿಗಿಂತ ಈ ಅಡ್ಡದಾರಿಗಳೇ ನನಗೆ ಜಾಸ್ತಿ ಕಲಿಸಿವೆ. ಜನ ಎಲ್ಲಿ ದಾರಿ ಬಿಡುತ್ತಾರೆ ಅಂತ ಗೊತ್ತಾದರೆ ಯಾಕೆ ಬಿಡುತ್ತಾರೆ ಅನ್ನೋದು ಬೇಗ ತಿಳಿಯುತ್ತದೆ. ಕೆಸರು, ಕಡಿದಾದ ಮೆಟ್ಟಿಲು, ಫೋಟೋ ತೆಗೆಯುವ ಆಸೆ.

ಒಂದು ಎಚ್ಚರಿಕೆ. ಇಬ್ಬರು ಅಳೆದರೆ ಎರಡು ಉತ್ತರ ಬರುತ್ತದೆ. ಮೊದಲ ದಿನ ಇಬ್ಬರೂ ಒಂದೇ ಐದು ಜಾಗಗಳನ್ನು ಬೇರೆ ಬೇರೆಯಾಗಿ ಅಳೆದು ಹೋಲಿಸಿ ನೋಡಿ. ‘ದಾರಿಯ ಅಂಚು’ ಅಂದರೆ ಯಾವುದು ಅಂತ ಅಲ್ಲೇ ನಿಂತು ಒಪ್ಪಂದ ಮಾಡಿಕೊಳ್ಳಿ.

ತುಳಿತದ ಬಗ್ಗೆ ಒಂಚೂರು ನಿಧಾನವಾಗಿ ಹೇಳಬೇಕು, ಜನ ಹೆಚ್ಚು ಎಡವುವುದು ಇಲ್ಲೇ. ನಡೆಯುವವರು ಎರಡರಷ್ಟಾದರೆ ಹಾನಿಯೂ ಎರಡರಷ್ಟು ಅಂದುಕೊಳ್ಳುತ್ತೇವೆ ಅಲ್ವಾ? ಹಾಗಾಗುವುದಿಲ್ಲ. ಕೋಲ್ ಮತ್ತು ನೀಲ್ ಬೇಫೀಲ್ಡ್ 1993ರಲ್ಲಿ ಒಂದು ಪ್ರಯೋಗಕ್ರಮ ಕೊಟ್ಟರು. ಅರ್ಧ ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ಪಟ್ಟಿಗಳನ್ನು ಗುರುತು ಮಾಡಿ, ಒಂದೊಂದರ ಮೇಲೆ 0, 25, 75, 200, 500 ಸಲ ನಡೆದು, ಗಿಡ ಎಷ್ಟು ಉಳಿಯಿತು ಅಂತ ನೋಡುವುದು. ಇಂಥ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡದ್ದು ಏನೆಂದರೆ, ಮೆತ್ತನೆಯ ಸಸ್ಯಗಳಿರುವ ಕಡೆ ಮೊದಲ ಕೆಲವು ಹೆಜ್ಜೆಗಳೇ ದೊಡ್ಡ ಪೆಟ್ಟು ಕೊಡುತ್ತವೆ. ಆಮೇಲೆ ಬರುವ ನೂರಾರು ಹೆಜ್ಜೆಗಳು ಅದಕ್ಕೆ ಸೇರಿಸುವುದು ಕಡಿಮೆ. ಹಾಗಾಗಿ ಗಟ್ಟಿಯಾದ ದಾರಿಯಲ್ಲಿ ನೂರು ಜನ ನಡೆಯುವುದಕ್ಕಿಂತ, ಹತ್ತು ಜನ ಹುಲ್ಲಿಗೆ ಇಳಿಯುವುದೇ ಹೆಚ್ಚು ಕೆಡಿಸಬಹುದು. ನನ್ನ ಮೂರು ನೋಟ್‌ಬುಕ್‌ಗಳಲ್ಲಿ ಸಿಗದಿದ್ದ ಉತ್ತರ ಇದು. ಅಪ್ಪಣೆ ಇಲ್ಲದೆ, ಅಪರೂಪದ ಗಿಡಗಳಿರುವ ಕಡೆ ಈ ಪ್ರಯೋಗ ಮಾಡಬೇಡಿ.

ಎಣಿಕೆ ಬೇಡವೇ ಬೇಡ ಅಂತಲ್ಲ. ದಾರಿ ಪಕ್ಕ ಇಡುವ ಇನ್‌ಫ್ರಾರೆಡ್ ಕೌಂಟರ್ ಒಳ್ಳೆಯ ಸಾಧನ. ಆದರೆ ಇಬ್ಬರು ಜೊತೆಜೊತೆಗೆ ನಡೆದರೆ ಅದು ಒಬ್ಬರು ಅಂತ ಎಣಿಸುತ್ತದೆ. ಆದ್ದರಿಂದ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಪಕ್ಕದಲ್ಲೇ ಕೂತು ನೀವೂ ಎಣಿಸಿ. ನಿಮ್ಮ ಲೆಕ್ಕ 120, ಯಂತ್ರದ್ದು 96 ಅಂದರೆ ಯಂತ್ರದ ಅಂಕಿಗಳನ್ನು 1.25ರಿಂದ ಗುಣಿಸಬೇಕು.

ಪ್ರವಾಸಿಗರನ್ನು ಮಾತಾಡಿಸುವಾಗ ‘ನಿಮಗೆ ಖುಷಿಯಾಯಿತಾ?’ ಅಂತ ಕೇಳಿ ಅದನ್ನೇ ಫಲಿತಾಂಶ ಅಂತ ಬರೆಯಬೇಡಿ. ಬಹುತೇಕರು ಹೌದು ಅನ್ನುತ್ತಾರೆ. ಗದ್ದಲ ಸಹಿಸದವರು ಆಗಲೇ ಬೇರೆ ಗುಡ್ಡಕ್ಕೆ ಹೋಗಿಬಿಟ್ಟಿರುತ್ತಾರೆ, ಅವರು ನಿಮ್ಮ ಕೈಗೆ ಸಿಗುವುದೇ ಇಲ್ಲ. ಅದಕ್ಕಿಂತ ಒಂದೇ ನೋಟದ ಐದು ಚಿತ್ರ ಮಾಡಿಕೊಳ್ಳಿ. ಒಂದರಲ್ಲಿ ಯಾರೂ ಇಲ್ಲ, ಮುಂದಿನವುಗಳಲ್ಲಿ ಜನ ಏರುತ್ತಾ ಹೋಗಲಿ. ಪ್ರತಿ ಚಿತ್ರಕ್ಕೂ ಮೈನಸ್ 4ರಿಂದ ಪ್ಲಸ್ 4ರವರೆಗೆ ಅಂಕ ಕೇಳಿ. ಸರಾಸರಿ ಸೊನ್ನೆಗಿಂತ ಕೆಳಗೆ ಇಳಿಯುವುದು ಎಲ್ಲಿ ಅಂತ ಗ್ರಾಫಿನಲ್ಲಿ ಕಾಣುತ್ತದೆ. ಹೊರಾಂಗಣ ವಿಹಾರದ ಅಧ್ಯಯನಗಳಲ್ಲಿ ಬಹಳ ಬಳಕೆಯಲ್ಲಿರುವ ವಿಧಾನ ಇದು. ಸರಾಸರಿಯ ಜೊತೆಗೆ ಉತ್ತರಗಳು ಎಷ್ಟು ಚದುರಿವೆ ಅನ್ನೋದನ್ನೂ ತೋರಿಸಿ.

ಇಷ್ಟೆಲ್ಲ ಮಾಡಿದ ಮೇಲೂ ನನ್ನ ಅಧ್ಯಯನದಲ್ಲಿ ಒಂದು ದೊಡ್ಡ ತಪ್ಪು ಉಳಿದಿತ್ತು. ಹೋಲಿಕೆಗೆ ಅಂತ ದಾರಿಯಿಂದ ದೂರದಲ್ಲಿ, ಯಾರೂ ತುಳಿಯದ ಹುಲ್ಲಿನಲ್ಲಿ ಒಂದೊಂದು ಚದರ ಮೀಟರಿನ ಚೌಕಗಳನ್ನು ಗುರುತು ಮಾಡಿದ್ದೆ. ವರ್ಷದಿಂದ ವರ್ಷಕ್ಕೆ ಅಲ್ಲೂ ಹುಲ್ಲು ಕಡಿಮೆಯಾಗಿ ಪೊದೆ ಏಳುತ್ತಿತ್ತು. ಯಾಕೆ ಅಂತ ತಿಳಿಯಲಿಲ್ಲ. ಕೊನೆಗೆ ಅಲ್ಲೇ ಹುಟ್ಟಿ ಬೆಳೆದ ಒಬ್ಬ ಅಜ್ಜಿ ನನ್ನ ಜೊತೆ ನಡೆದರು. ‘ಇಲ್ಲಿ ದನ ಮೇಯೋದು ನಿಂತು ಎಷ್ಟು ವರ್ಷ ಆಯ್ತು ಗೊತ್ತಾ ಮಗಳೇ?’ ಅಂದರು. ನಾನು ‘ನೈಸರ್ಗಿಕ ಹುಲ್ಲುಗಾವಲು’ ಅಂತ ಬರೆದಿದ್ದ ಬಯಲನ್ನು ಅಷ್ಟು ಕಾಲ ಬಯಲಾಗಿ ಉಳಿಸಿದ್ದು ಅವರ ಮಂದೆ. ನನ್ನ ನಕ್ಷೆಯಲ್ಲಿ ‘ವ್ಯೂಪಾಯಿಂಟ್’ ಆಗಿದ್ದ ಬಂಡೆ, ಅವರ ತಾಯಿ ದನ ಕಾಯುತ್ತಾ ಕೂರುತ್ತಿದ್ದ ಕಲ್ಲು.

ಸಾಂಸ್ಕೃತಿಕ ಭೂದೃಶ್ಯ ಅಂದರೆ ಇದೇ: ಜನ ಮತ್ತು ನೆಲ ಸೇರಿ ಮಾಡಿದ ಜಾಗ. ಯುನೆಸ್ಕೋದ ವಿಶ್ವ ಪರಂಪರೆ ಸಮಿತಿ 1992ರಲ್ಲಿ ಇದನ್ನು ಪ್ರತ್ಯೇಕ ವರ್ಗವಾಗಿ ಒಪ್ಪಿತು. ಮರುವರ್ಷ ಆ ವರ್ಗದಲ್ಲಿ ಮೊದಲು ಸೇರಿದ್ದು ನ್ಯೂಜಿಲೆಂಡಿನ ಟೊಂಗಾರಿರೊ ಅನ್ನುವ ಬೆಟ್ಟಗಳ ರಾಷ್ಟ್ರೀಯ ಉದ್ಯಾನ. ಬರೀ ಪ್ರಕೃತಿಯ ಲೆಕ್ಕದಲ್ಲಿ ಅದು 1990ರಲ್ಲೇ ಪಟ್ಟಿಯಲ್ಲಿತ್ತು. ಆ ಬೆಟ್ಟಗಳು ಅಲ್ಲಿನ ಮೂಲನಿವಾಸಿ ಮಾವೊರಿ ಜನರಿಗೆ ಪವಿತ್ರ ಅನ್ನೋದನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಆಮೇಲೆ. ಆಸ್ಟ್ರೇಲಿಯಾದ ಉಲೂರು ಬಂಡೆ ಹತ್ತುವುದನ್ನು 2019ರ ಅಕ್ಟೋಬರ್ 26ರಂದು ನಿಲ್ಲಿಸಿದರು. ಅಲ್ಲಿನ ಅನಂಗು ಜನ ಬಹಳ ವರ್ಷಗಳಿಂದ ‘ದಯವಿಟ್ಟು ಹತ್ತಬೇಡಿ’ ಅಂತ ಕೇಳುತ್ತಲೇ ಇದ್ದರು. ಎಷ್ಟು ಜನ ಹತ್ತಿದರೆ ಜಾಸ್ತಿ ಅನ್ನುವ ಪ್ರಶ್ನೆಗೆ ಅವರ ಉತ್ತರ ಮೊದಲಿನಿಂದಲೂ ಸೊನ್ನೆ. ಯಾವ ದಾರ, ಯಾವ ಟೇಪು ಅದನ್ನು ಹೇಳಬಲ್ಲದು?

ಅದಕ್ಕೇ ಈಗ ನಾನು ಗೂಟ ನೆಡುವ ಮೊದಲೇ ಅಲ್ಲಿಯವರ ಜೊತೆ ಆ ದಾರಿ ನಡೆಯುತ್ತೇನೆ. ಸುಮ್ನೆ ನಡೆಯುವುದು. ಪ್ರಶ್ನಾವಳಿ ಚೀಲದಲ್ಲೇ ಇರಲಿ. ಜಾಗದ ಹೆಸರುಗಳನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ. ರೆಕಾರ್ಡ್ ಮಾಡುವ ಮೊದಲು ಕೇಳಿ, ಬೇಡ ಅಂದರೆ ಫೋನ್ ಒಳಗಿಡಿ. ಪವಿತ್ರ ಜಾಗಗಳನ್ನೂ ಅಪರೂಪದ ಗಿಡಗಳ ಜಾಗಗಳನ್ನೂ ಪ್ರಬಂಧದ ನಕ್ಷೆಯಲ್ಲಿ ಹಾಕಬೇಡಿ. ಒಂದು ಸಲ ಅಚ್ಚಾದ ಜಿಪಿಎಸ್ ಅಂಕಿಯನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಕರಡು ಸಿದ್ಧವಾದಾಗ ನಿಮ್ಮ ಸಂಶೋಧನೆಯ ಗೈಡಿಗೆ ಕಳಿಸುವ ಮೊದಲು ಅಲ್ಲಿಯವರಿಗೆ ಓದಿ ಹೇಳಿ. ತಪ್ಪು ಅಂದದ್ದನ್ನು ತಿದ್ದಿ.

ಗೂಟಗಳು ಎಲ್ಲಿವೆ ಅಂತ ಎರಡು ಕಡೆ ಬರೆದಿಡಿ, ಒಂದು ಪ್ರತಿ ಅಲ್ಲಿಯವರ ಹತ್ತಿರ ಇರಲಿ. ಮುಂದಿನ ವರ್ಷ ಅಳೆಯಲು ನಿಮಗೆ ಆಗದೆ ಹೋದರೆ ಅವರೇ ಅಳೆಯಬಹುದು. ದಾರ ಕಟ್ಟುವುದನ್ನು ಕಲಿಯಲು ಅರ್ಧ ಗಂಟೆ ಸಾಕು.