ಬಯೋಸ್ಟ್ಯಾಟ್ ಪಾಠವನ್ನು ಗದ್ದೆಗೆ ಒಯ್ದ ಬಗೆ

ಮಂಡ್ಯದ ಒಂದು ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಬಯೋಸ್ಟ್ಯಾಟ್, ಅಂದರೆ ಜೀವಶಾಸ್ತ್ರಕ್ಕೆ ಬೇಕಾದ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ತೆಗೆದುಕೊಂಡವರಲ್ಲಿ ಬಹಳ ಮಂದಿ ಪಿಯುಸಿಗೇ ಗಣಿತಕ್ಕೆ ಕೈಮುಗಿದು ಬಂದವರು. ಬೋರ್ಡಿನ ಮೇಲೆ ಸಿಗ್ಮಾ ಬರೆದರೆ ಸಾಕು, ಮುಖ ಬಾಡುತ್ತದೆ. ಅದಕ್ಕೇ ಸೂತ್ರವನ್ನು ಆಮೇಲಕ್ಕೆ ಇಟ್ಟು ಎಣಿಕೆಯನ್ನು ಮೊದಲು ಮಾಡಿಸುತ್ತೇನೆ. ನಾಟಿ ಮುಗಿದು ಭತ್ತದ ಪೈರು ತೆಂಡೆ (ಬುಡದಿಂದ ಹೊರಡುವ ಕವಲು) ಒಡೆಯುವ ಹೊತ್ತಿಗೆ ಎಲ್ಲರನ್ನೂ ಕರೆದುಕೊಂಡು ವಿಶ್ವೇಶ್ವರಯ್ಯ ನಾಲೆ ಬಯಲಿನ ಗದ್ದೆಗೆ ಹೊರಡುತ್ತೇನೆ.

ಕೆಲಸ ಇಷ್ಟೇ: ಒಂದು ಬುಡಕ್ಕೆ ಎಷ್ಟು ತೆಂಡೆ, ಎಣಿಸಿ ಬರೆಯಬೇಕು. ಬಿಟ್ಟರೆ ಮಕ್ಕಳು ಬದುವಿನ ಪಕ್ಕದಲ್ಲೇ ಬಗ್ಗಿ, ಕಣ್ಣಿಗೆ ಚೆನ್ನಾಗಿ ಕಂಡ ಬುಡವನ್ನೇ ಹಿಡಿಯುತ್ತಾರೆ. ಅಲ್ಲಿಗೆ ತಡೆದು ಕ್ಯಾಲ್ಕುಲೇಟರ್ ತೆಗೆಸುತ್ತೇನೆ. ಅದರ ರ‍್ಯಾಂಡಮ್ ಬಟನ್ ಒತ್ತಿದಾಗ 0.374 ಬಂತು ಅನ್ನಿ. ಗದ್ದೆಯಲ್ಲಿ 40 ಸಾಲಿದ್ದರೆ ಗುಣಿಸಿದಾಗ 14.96, ಮೇಲಿನ ಪೂರ್ಣಸಂಖ್ಯೆ ಹಿಡಿದರೆ 15ನೇ ಸಾಲು. ಸೊನ್ನೆ ಬಂದರೆ ಮತ್ತೆ ಒತ್ತಬೇಕು. ಸಾಲಿನಲ್ಲಿ ಎಷ್ಟನೇ ಬುಡ ಅನ್ನುವುದಕ್ಕೂ ಹೀಗೇ. ಅಲ್ಲಿ ಸಿಕ್ಕಿದ್ದು ಸೊರಗಿದ ಬುಡವಾದರೂ ಅದನ್ನೇ ಎಣಿಸಬೇಕು. ‘ಪಕ್ಕದ್ದು ಚೆನ್ನಾಗಿದೆ ಮೇಡಂ’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನನ್ನ ಪಾಠ ಶುರುವಾಗುವುದು ಆ ಮಾತಿನಿಂದ: ಚೆನ್ನಾಗಿರುವುದನ್ನೇ ಆರಿಸಿ ಎಣಿಸಿದರೆ ಬರುವ ಸರಾಸರಿ ಇಡೀ ಗದ್ದೆಯದಾಗುವುದಿಲ್ಲ.

ಬ್ಲಾಕ್ ಅಂದರೇನು ಅನ್ನುವುದನ್ನು ನನಗಿಂತ ಚೆನ್ನಾಗಿ ಹೇಳಿದವರು ಗದ್ದೆಯ ಯಜಮಾನರು. ‘ಮೇಡಮ್ಮೋರೆ, ತೂಬಿನ ಹತ್ರದ ಪೈರು ಯಾವಾಗ್ಲೂ ಒಂದು ಕೈ ಮೇಲೇಯ. ಆ ತುದಿಗೆ ನೀರು ಹತ್ತೋದು ತಡ’ ಅಂದರು. ಜಯ ತಳಿಯನ್ನು ತೂಬಿನ ಕಡೆಗೂ ಐಆರ್-64 ಅನ್ನು ತುದಿಗೂ ಹಾಕಿ ಹೋಲಿಸಿದರೆ, ಕಾಣುವ ವ್ಯತ್ಯಾಸ ತಳಿಯದೋ ನೀರಿನದೋ? ಯಾವ ಸೂತ್ರವೂ ಆಮೇಲೆ ಅದನ್ನು ಬಿಡಿಸಿಕೊಡಲಾರದು. ಹಾಗಾಗಿ ನೀರು ಹರಿಯುವ ದಿಕ್ಕಿಗೆ ಅಡ್ಡಲಾಗಿ ಗದ್ದೆಯನ್ನು ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯಲ್ಲೂ ಎರಡೂ ತಳಿ ಇರುವಂತೆ, ಯಾವುದು ಎಡಕ್ಕೆ ಯಾವುದು ಬಲಕ್ಕೆ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಇಂಥ ಒಂದೊಂದು ಪಟ್ಟಿಯೇ ಒಂದೊಂದು ಬ್ಲಾಕ್. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಈ ವಿಧಾನ ರೂಪಿಸಿದ್ದು ಹೊಲದ ಲೆಕ್ಕಗಳ ನಡುವೆಯೇ. ಕೇಂಬ್ರಿಡ್ಜ್‌ನಲ್ಲಿ ಅವರ ಬಳಿ ಪಿಎಚ್.ಡಿ. ಮಾಡಿದ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ ಅಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಇನ್ನೊಂದು ವಿಷಯವನ್ನು ಪಟ್ಟು ಹಿಡಿದು ಹೇಳುತ್ತೇನೆ. ಗೊಬ್ಬರ ಹಾಕಿದ ಒಂದು ಮಡಿ, ಹಾಕದ ಒಂದು ಮಡಿ; ಒಂದೊಂದರಲ್ಲಿ 30 ಬುಡ ಎಣಿಸಿದರೆ 30 ಪುನರಾವರ್ತನೆ (ಅದೇ ಪ್ರಯೋಗವನ್ನು ಬೇರೆ ಬೇರೆ ಮಡಿಯಲ್ಲಿ ಮಾಡುವುದು) ಆಗುವುದಿಲ್ಲ. ಗೊಬ್ಬರ ಬಿದ್ದದ್ದು ಮಡಿಗೆ, ಬುಡಕ್ಕಲ್ಲ. ಹಾಗಾಗಿ ಅಲ್ಲಿರುವುದು ಒಂದೇ ಪುನರಾವರ್ತನೆ. ಪ್ರಾಜೆಕ್ಟ್ ವರದಿಗಳಲ್ಲಿ ಇದೇ ಕೊರತೆ ಹೆಚ್ಚಾಗಿ ಕಾಣುತ್ತದೆ. ಸಾಫ್ಟ್‌ವೇರ್ ಇದನ್ನು ಪ್ರಶ್ನಿಸದೆ ಪಿ-ಮೌಲ್ಯ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) ಕೊಟ್ಟುಬಿಡುತ್ತದೆ.

ಎಣಿಸಿ ಸಿಕ್ಕ ಸಂಖ್ಯೆ ನಿರೀಕ್ಷೆಗೆ ಹೊಂದುತ್ತದೆಯೇ ಎಂದು ನೋಡುವ ಕೈ-ಸ್ಕ್ವೇರ್ ಪರೀಕ್ಷೆಗೆ, ಬಟಾಣಿ ಗಿಡದಲ್ಲಿ ಅನುವಂಶೀಯತೆಯನ್ನು ಅಭ್ಯಸಿಸಿದ ಮೆಂಡೆಲ್ ಸಾಕು. 7324 ಬಟಾಣಿ, ಗುಂಡಗಿನವು 5474, ಸುಕ್ಕಾದವು 1850. ಮೂರು ಗುಂಡಗಿನದಕ್ಕೆ ಒಂದು ಸುಕ್ಕಾದದ್ದು ಅನ್ನುವ 3:1ರ ಪ್ರಕಾರ 5493 ಮತ್ತು 1831 ಇರಬೇಕಿತ್ತು. ಎರಡು ಕಡೆಯೂ ವ್ಯತ್ಯಾಸ 19. ಅದರ ವರ್ಗ 361ನ್ನು ಎರಡೂ ನಿರೀಕ್ಷಿತ ಸಂಖ್ಯೆಗಳಿಂದ ಭಾಗಿಸಿ ಕೂಡಿದರೆ ಸುಮಾರು 0.26. ಕೋಷ್ಟಕದ ಗಡಿ 3.84, ನಮ್ಮದು ಅದಕ್ಕಿಂತ ಬಹಳ ಕಡಿಮೆ, ಅಂದರೆ 3:1 ಊಹೆಯನ್ನು ತಳ್ಳಿಹಾಕಲು ಕಾರಣವಿಲ್ಲ. ಇದನ್ನು ಪೆನ್ನು ಹಿಡಿದೇ ಮಾಡಿಸುತ್ತೇನೆ. ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್, ಅನೋವಾ ಎಲ್ಲ ಆಮೇಲೆ ಲ್ಯಾಬಿನಲ್ಲಿ, ಆರ್ ಸಾಫ್ಟ್‌ವೇರ್‌ನಲ್ಲಿ, ತಾವೇ ಎಣಿಸಿ ತಂದ ತೆಂಡೆಗಳ ಮೇಲೆ. ಸ್ವಂತ ಅಂಕಿಗಳಾದ್ದರಿಂದ ಉತ್ತರ ಏನು ಬಂತು ಅಂತ ಅವರೇ ಕುತ್ತಿಗೆ ಚಾಚಿ ನೋಡುತ್ತಾರೆ.

ಈಗ ಅಂತಿಮ ವರ್ಷದವರು ಪ್ರಾಜೆಕ್ಟ್‌ಗೆ ಬಂದಾಗ ನಾನು ಮೊದಲು ಕೇಳುವುದು ಗದ್ದೆಯ ನಕ್ಷೆ: ತೂಬು ಎಲ್ಲಿ, ನೆರಳು ಎಲ್ಲಿ, ಮಡಿಗಳನ್ನು ಹಂಚಿದ್ದು ಹೇಗೆ. ಅದು ಹಾಳೆಯ ಮೇಲೆ ಬರುವ ತನಕ ಸಹಿ ಹಾಕುವುದಿಲ್ಲ.