ಮಿನ್ನೆಸೋಟದ ಚಳಿಗಾಲಕ್ಕೆ ಮನೆಯನ್ನು ಅಣಿಗೊಳಿಸುವುದು

ಮಿನಿಯಾಪೊಲಿಸ್, ಸೇಂಟ್ ಪಾಲ್ ಮತ್ತು ಸುತ್ತಲಿನ ಊರುಗಳಿಗೆ ಹೊಸದಾಗಿ ಬಂದು ನೆಲೆಸುವ ಕನ್ನಡಿಗರು ಕೋಟು, ಬೂಟುಗಳನ್ನು ಕೊಳ್ಳುವಾಗ ತೋರಿಸುವ ಮುತುವರ್ಜಿಯನ್ನು ಮನೆಯ ವಿಷಯದಲ್ಲಿ ತೋರಿಸುವುದು ಕಡಿಮೆ. ಮನೆಯನ್ನು ಬೆಚ್ಚಗಿಡುವ ಫರ್ನೇಸ್ ಇದೆಯಲ್ಲ, ಅದು ನೋಡಿಕೊಳ್ಳುತ್ತದೆ ಎಂಬ ಭರವಸೆ ಇದಕ್ಕೆ ಕಾರಣವಿರಬೇಕು. ಫರ್ನೇಸ್ ಸಾಮಾನ್ಯವಾಗಿ ತನ್ನ ಕೆಲಸ ಮಾಡುತ್ತದೆ, ನಿಜ. ಆದರೆ 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಆದಂತೆ ಉಷ್ಣಾಂಶ ಮೈನಸ್ 28 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು ಮೈನಸ್ 33 ಸೆಲ್ಸಿಯಸ್‌ಗೆ ಇಳಿದಾಗ, ಮನೆಗೆ ಹಾನಿ ಮಾಡುವುದು ಹೆಚ್ಚಾಗಿ ಪೈಪಿನಲ್ಲಿ ನಿಂತ ನೀರು ಮತ್ತು ಸಂದುಗಳಲ್ಲಿ ನುಸುಳುವ ಗಾಳಿ. ಅಕ್ಟೋಬರ್ ಮುಗಿಯುವುದರೊಳಗೆ ಇವೆರಡಕ್ಕೂ ವ್ಯವಸ್ಥೆ ಮಾಡಿಕೊಳ್ಳಬೇಕು.

ಮೊದಲು ನೀರು. ತೋಟದ ನಲ್ಲಿಗೆ ಸಿಕ್ಕಿಸಿರುವ ಹೋಸ್ ಪೈಪನ್ನು ಬಿಚ್ಚಿ ಒಳಗಿಡಬೇಕು. ಹೆಪ್ಪುಗಟ್ಟದಂತೆ ತಯಾರಿಸಿದ ನಲ್ಲಿಯೂ ಹೋಸ್ ತಗುಲಿಕೊಂಡಿದ್ದರೆ ತನ್ನೊಳಗಿನ ನೀರನ್ನು ಹೊರಹಾಕಲಾರದೆ ಗೋಡೆಯೊಳಗೇ ಬಿರಿಯುತ್ತದೆ. ಆ ಬಿರುಕು ಗೊತ್ತಾಗುವುದು ಬಹಳ ಸಲ ವಸಂತದಲ್ಲಿ ಗಿಡಗಳಿಗೆಂದು ನಲ್ಲಿ ತಿರುಗಿಸಿ, ನೀರು ಬೇಸ್‌ಮೆಂಟಿಗೆ ಸುರಿದಾಗ. ಹಳೆಯ ಮನೆಗಳಲ್ಲಿ ಈ ನಲ್ಲಿಗೆಂದೇ ಒಳಗೆ ಒಂದು ವಾಲ್ವ್ ಇರುತ್ತದೆ; ಅದನ್ನು ಮುಚ್ಚಿ, ಹೊರಗಿನ ನಲ್ಲಿಯನ್ನು ತೆರೆದು ನೀರನ್ನು ಬಸಿಯಬೇಕು. ಹುಲ್ಲುಹಾಸಿಗೆ ಸ್ಪ್ರಿಂಕ್ಲರ್ ಇದ್ದರೆ ಅದರ ಪೈಪುಗಳೊಳಗಿನ ನೀರನ್ನು ಕಂಪ್ರೆಸರ್ ಗಾಳಿಯಿಂದ ಊದಿ ತೆಗೆಸಬೇಕಾಗುತ್ತದೆ, ಮತ್ತು ಅದನ್ನು ಆ ಕೆಲಸದವರಿಗೇ ಬಿಡುವುದು ಒಳ್ಳೆಯದು. ಹೊರಗೋಡೆಗೆ ಒತ್ತಿಕೊಂಡ ಅಡುಗೆಮನೆಯ ಸಿಂಕ್ ಇನ್ನೊಂದು ಅಪಾಯದ ಜಾಗ. ಅತಿ ಚಳಿಯ ರಾತ್ರಿಗಳಲ್ಲಿ ಅದರ ಕೆಳಗಿನ ಕಪಾಟಿನ ಬಾಗಿಲುಗಳನ್ನು ತೆರೆದಿಟ್ಟು, ನಲ್ಲಿಯಿಂದ ಸಣ್ಣಗೆ ನೀರು ಹರಿಯಲು ಬಿಟ್ಟರೆ ಪೈಪು ಉಳಿಯುತ್ತದೆ. ಒಂದು ವೇಳೆ ಹೆಪ್ಪುಗಟ್ಟಿದರೆ ಪೈಪಿಗೆ ಬೆಂಕಿಯ ಜ್ವಾಲೆ ತಾಗಿಸಲೇಬಾರದು; ನಲ್ಲಿಯನ್ನು ತೆರೆದಿಟ್ಟು ಹೇರ್ ಡ್ರೈಯರ್‌ನಿಂದ ನಿಧಾನವಾಗಿ ಕಾಯಿಸಬೇಕು. ಇಡೀ ಮನೆಯ ನೀರನ್ನು ನಿಲ್ಲಿಸುವ ಮುಖ್ಯ ವಾಲ್ವ್ ಸಾಮಾನ್ಯವಾಗಿ ಬೇಸ್‌ಮೆಂಟಿನಲ್ಲಿ ಮೀಟರಿನ ಪಕ್ಕ ಇರುತ್ತದೆ. ಅದು ಎಲ್ಲಿದೆ, ಯಾವ ಕಡೆಗೆ ತಿರುಗುತ್ತದೆ ಎಂಬುದು ಮನೆಯ ಎಲ್ಲ ದೊಡ್ಡವರಿಗೂ, ಊರಿಂದ ಬಂದು ಉಳಿದಿರುವ ಅಪ್ಪ ಅಮ್ಮಂದಿರಿಗೂ, ತಿಳಿದಿರಬೇಕು.

ಗಾಳಿಯ ವಿಚಾರ ಇದಕ್ಕಿಂತ ಸೂಕ್ಷ್ಮ. ಮನೆಯೊಳಗಿನ ಬಿಸಿ ಗಾಳಿ ಸೀಲಿಂಗಿನ ದೀಪ, ವೈರುಗಳ ಕಂಡಿಗಳ ಮೂಲಕ ಛಾವಣಿಯಡಿಯ ಅಟಿಕ್‌ಗೆ ಏರಿ, ಛಾವಣಿಯ ಮೇಲಿನ ಹಿಮವನ್ನು ಕೆಳಗಿನಿಂದ ಕರಗಿಸುತ್ತದೆ. ಕರಗಿದ ನೀರು ತಣ್ಣಗಿರುವ ಸೂರಿನ ಅಂಚಿಗೆ ಇಳಿದು ಮತ್ತೆ ಹೆಪ್ಪುಗಟ್ಟಿ ಅಣೆಕಟ್ಟಿನಂತೆ ನಿಲ್ಲುತ್ತದೆ, ಅದರ ಹಿಂದೆ ನಿಂತ ನೀರು ಹೆಂಚಿನ ಪದರದಡಿ ನುಗ್ಗಿ ಗೋಡೆಗೆ ಇಳಿಯುತ್ತದೆ. ಇದಕ್ಕೆ ಪರಿಹಾರ ಮೊದಲು ಆ ಕಂಡಿಗಳನ್ನು ಮುಚ್ಚಿಸುವುದು, ಆಮೇಲೆ ಶಾಖ ಸೋರದಂತೆ ತಡೆಯುವ ಇನ್ಸುಲೇಷನ್ ಹೆಚ್ಚಿಸುವುದು. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಖರ್ಚು ದಂಡ. ವಿದ್ಯುತ್ತು, ಗ್ಯಾಸು ಒದಗಿಸುವ ಕಂಪನಿಗಳಾದ ಎಕ್ಸೆಲ್ ಎನರ್ಜಿ ಮತ್ತು ಸೆಂಟರ್‌ಪಾಯಿಂಟ್ ಎನರ್ಜಿಯ ಗ್ರಾಹಕರಿಗೆ ದೊರೆಯುವ ಹೋಮ್ ಎನರ್ಜಿ ಸ್ಕ್ವಾಡ್ ಎಂಬ ಸೇವೆಯವರು ಮನೆಗೇ ಬಂದು ಗಾಳಿ ಎಲ್ಲಿ ಸೋರುತ್ತಿದೆ ಎಂದು ಪರೀಕ್ಷಿಸುತ್ತಾರೆ. ಅವರ ಭೇಟಿಯನ್ನು ಚಳಿಗೆ ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು.

ನಮ್ಮ ಅಡುಗೆಯ ಕ್ರಮಕ್ಕೆ ಸಂಬಂಧಿಸಿದ ಒಂದು ಮಾತನ್ನು ಇಲ್ಲೇ ಹೇಳಬೇಕು. ಅನ್ನ, ಸಾರು, ಇಡ್ಲಿಯ ಹಬೆ ಮತ್ತು ಒಳಗೇ ಒಣಹಾಕಿದ ಬಟ್ಟೆಯ ತೇವ ಹೊರಹೋಗಲು ದಾರಿಯಿಲ್ಲದೆ ಕಿಟಕಿಯ ಗಾಜಿನ ಮೇಲೆ ನೀರಾಗಿ, ಮಂಜುಗಡ್ಡೆಯಾಗಿ, ಕೊನೆಗೆ ಚೌಕಟ್ಟಿನಲ್ಲಿ ಬೂಷ್ಟಾಗಿ ನಿಲ್ಲುತ್ತದೆ. ಹೊರಗೆ 20ರಿಂದ 40 ಡಿಗ್ರಿ ಫ್ಯಾರನ್‌ಹೀಟ್ ಇರುವಾಗ ಒಳಗಿನ ತೇವಾಂಶ ಶೇಕಡಾ 40ನ್ನು ಮೀರಬಾರದು. ಉಷ್ಣಾಂಶ ಮೈನಸ್ 10ಕ್ಕಿಂತ ಕೆಳಗಿಳಿದರೆ ತೇವಾಂಶವನ್ನು ಶೇಕಡಾ 20ರ ಒಳಗಿಡಬೇಕು. ಒಲೆಯ ಮೇಲಿನ ಫ್ಯಾನು ಹಬೆಯನ್ನು ನಿಜಕ್ಕೂ ಹೊರಗೆ ಕಳಿಸುತ್ತದೆಯೇ, ಅಥವಾ ಸೋಸಿ ಮತ್ತೆ ಒಳಗೇ ಬಿಡುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಫರ್ನೇಸ್‌ನ ಫಿಲ್ಟರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಿ, ವರ್ಷಕ್ಕೊಮ್ಮೆ ತಂತ್ರಜ್ಞರಿಂದ ಪರೀಕ್ಷೆ ಮಾಡಿಸಿದರೆ ಸಾಕು. ಹೊಸ ಮಾದರಿಯ ಫರ್ನೇಸ್‌ಗಳು ಪಕ್ಕದ ಗೋಡೆಯಿಂದ ಹೊರಚಾಚಿದ ಬಿಳಿ ಪ್ಲಾಸ್ಟಿಕ್ ಪೈಪುಗಳ ಮೂಲಕ ಉಸಿರಾಡುತ್ತವೆ. ಹಿಮಪಾತದ ನಂತರ ಅವುಗಳ ಬಾಯಿಯ ಮತ್ತು ಗ್ಯಾಸ್ ಮೀಟರಿನ ಮೇಲಿನ ಹಿಮವನ್ನು ತೆಗೆಯದಿದ್ದರೆ ಫರ್ನೇಸ್ ನಿಂತುಹೋಗಬಹುದು, ಇಲ್ಲವೇ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಒಳಗೆ ತುಂಬಬಹುದು. ಮಲಗುವ ಪ್ರತಿ ಕೋಣೆಯ 10 ಅಡಿಯೊಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕೆಂದು ರಾಜ್ಯದ ಕಾನೂನೇ ಹೇಳುತ್ತದೆ. ಒಗ್ಗರಣೆಯ ಹೊಗೆಗೆ ಕೂಗುವ ಸ್ಮೋಕ್ ಅಲಾರಂನ ಬ್ಯಾಟರಿ ತೆಗೆದಿಡುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಅದನ್ನು ಚಳಿಗಾಲದಲ್ಲಂತೂ ಮಾಡಬಾರದು.

ಬಾಡಿಗೆಗೆ ಇರುವವರ ಸ್ಥಿತಿ ಬೇರೆ. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಮನೆಗೆ ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್ ಶಾಖ ಒದಗಿಸುವುದು ಮಾಲೀಕರ ಹೊಣೆ. ಶಾಖವೇ ನಿಂತುಹೋದರೆ ಮಾಲೀಕರಿಗೆ ತಿಳಿಸಿ, ಅವರು ಸರಿಪಡಿಸದಿದ್ದರೆ ತುರ್ತು ಅರ್ಜಿಯೊಂದಿಗೆ ನ್ಯಾಯಾಲಯಕ್ಕೆ ಹೋಗಬಹುದು. ಅರ್ಜಿ ಹಾಕುವ ಮುನ್ನ 24 ಗಂಟೆ ಮೊದಲು ಮಾಲೀಕರಿಗೆ ತಿಳಿಸಲು ಪ್ರಯತ್ನಿಸಿರಬೇಕು. ಆದ್ದರಿಂದ ದೂರುಗಳನ್ನು ಫೋನಿನಲ್ಲಿ ಹೇಳಿ ಸುಮ್ಮನಾಗದೆ ಬರಹದಲ್ಲಿ ಕಳಿಸಿಡಿ. ಅದೇ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಜಾರಿಯಲ್ಲಿರುವ ಕೋಲ್ಡ್ ವೆದರ್ ರೂಲ್, ಬಿಲ್ಲು ಕಟ್ಟಲಾಗದವರ ವಿದ್ಯುತ್ತು, ಗ್ಯಾಸು ಕಡಿತವಾಗದಂತೆ ರಕ್ಷಣೆ ಕೊಡುತ್ತದೆ. ಅದು ತಾನಾಗಿ ಸಿಗುವಂಥದ್ದಲ್ಲ, ಕಂಪನಿಯೊಡನೆ ಮಾತನಾಡಿ ಕಂತುಗಳನ್ನು ಒಪ್ಪಿಕೊಂಡು ಆ ಒಪ್ಪಂದದಂತೆ ಕಟ್ಟುತ್ತಿರಬೇಕು. ಕೆಲಸ ಕಳೆದುಕೊಂಡ ಕುಟುಂಬಗಳು ಸಂಕೋಚದಿಂದ ಕರೆ ಮಾಡದೆ ಕೂರುವುದುಂಟು. ಕರೆ ಮಾಡುವುದೇ ಈ ರಕ್ಷಣೆಯ ಮೊದಲ ಮೆಟ್ಟಿಲು.

ಮಿನಿಯಾಪೊಲಿಸ್‌ನಲ್ಲಿ ಸ್ವಂತ ಮನೆಯವರು ಹಿಮಪಾತ ನಿಂತ 24 ಗಂಟೆಯೊಳಗೆ ಮನೆಯ ಮುಂದಿನ ಕಾಲುದಾರಿಯನ್ನು ಗುಡಿಸಿರಬೇಕು.

ಡಿಸೆಂಬರ್‌ನಲ್ಲಿ ಊರಿಗೆ ಹೊರಡುವವರು ಥರ್ಮೋಸ್ಟಾಟನ್ನು 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಸದೆ, ಮುಖ್ಯ ವಾಲ್ವ್ ಮುಚ್ಚಿ ನಲ್ಲಿಗಳನ್ನು ತೆರೆದು ನೀರು ಬಸಿದು ಹೊರಡಬೇಕು. ಮನೆಯನ್ನು ಬೆಚ್ಚಗಿಡದೆ ಅಥವಾ ನೀರನ್ನು ನಿಲ್ಲಿಸಿ ಬಸಿಯದೆ ಹೋದಾಗ ಪೈಪು ಒಡೆದರೆ ಆ ನಷ್ಟವನ್ನು ತುಂಬಿಕೊಡದ ಷರತ್ತು ಬಹಳಷ್ಟು ಗೃಹವಿಮೆಗಳಲ್ಲಿದೆ. ಕೀಲಿಯನ್ನು ನಂಬಿಕಸ್ತ ಗೆಳೆಯರಿಗೆ ಕೊಟ್ಟು, ಆಗಾಗ ಒಳಹೊಕ್ಕು ಫರ್ನೇಸ್ ನಡೆಯುತ್ತಿದೆಯೇ ಎಂದು ನೋಡುವಂತೆಯೂ, ಹಿಮ ಬಿದ್ದಾಗ ಕಾಲುದಾರಿ ಗುಡಿಸಿಸುವಂತೆಯೂ ಕೇಳಿಕೊಳ್ಳಿ. ಅವರಿಗೆ ಪ್ಲಂಬರ್‌ನ ಮತ್ತು ವಿಮಾ ಕಂಪನಿಯ ದೂರವಾಣಿ ಸಂಖ್ಯೆಗಳನ್ನೂ ಮುಖ್ಯ ವಾಲ್ವ್ ಇರುವ ಜಾಗದ ಫೋಟೊವನ್ನೂ ಹೊರಡುವ ಮೊದಲೇ ಕಳಿಸಿರಿ.